ವಾಪಸ್ ಬರುವ ದಾರಿ: ನಿಮ್ಮ ಪ್ರಶ್ನೆ, ನನ್ನ ಉತ್ತರ

27 ವರ್ಷ ನಾನು ಟೂರಿಸ್ಟ್ ಬಸ್ ಓಡಿಸಿದೆ. ಜನರನ್ನು ಊರು ತೋರಿಸಲು ಕರೆದುಕೊಂಡು ಹೋಗುವುದು, ತೋರಿಸಿ ಆದ ಮೇಲೆ ವಾಪಸ್ ತಂದು ಬಿಡುವುದು. ಇದೇ ಕೆಲಸ. ಹೋಗುವಾಗ ಬಸ್ಸಿನ ತುಂಬ ಹಾಡು, ಚಪ್ಪಾಳೆ, ಹಿಂದಿನ ಸೀಟಿನಿಂದ ಮುಂದಿನ ಸೀಟಿಗೆ ತಿಂಡಿ ಪೊಟ್ಟಣ. ಬರುವಾಗ ಎಂಜಿನ್ ಸದ್ದೊಂದೇ. ಮೇಲಿನ ಕನ್ನಡಿಯಲ್ಲಿ ನೋಡಿದರೆ ನಲವತ್ತು ತಲೆಗಳು ಅತ್ತಿತ್ತ ವಾಲಿರುತ್ತಿದ್ದವು. ಎಚ್ಚರ ಇರಬೇಕಾದವನು ನಾನೊಬ್ಬನೇ.

ಹೋದ ತಿಂಗಳು ಪ್ರವಾಸಕ್ಕೆ ಹೊರಡುವ ತಯಾರಿಯ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ವಾಪಸ್ ಬರುವ ದಾರಿಯದ್ದೇ ಮಾತು. ನನಗೆ ನಿಜವಾಗಿ ಖುಷಿಯಾಯಿತು. ಯಾರೂ ಅದರ ಬಗ್ಗೆ ಕೇಳುವುದೇ ಇಲ್ಲ. ಹೋಗುವ ದಿನಕ್ಕೆ ಹತ್ತು ಸಲ ಪ್ಲಾನ್ ಮಾಡುತ್ತೇವೆ. ಬರುವ ದಿನಕ್ಕೆ "ಬೆಳಗ್ಗೆ ಬೇಗ ಬಿಟ್ಟರಾಯಿತು" ಅಂತ ಒಂದೇ ಮಾತು.

ಪ್ರಶ್ನೆ: ಐದು ದಿನದ ಪ್ರವಾಸ ಮುಗಿಸಿ ಕಾರಲ್ಲಿ ವಾಪಸ್ ಬರುತ್ತಿದ್ದೆವು. ಬೆಳಗ್ಗೆ ನಾಲ್ಕಕ್ಕೆ ಎದ್ದಿದ್ದೆವು. ರಾತ್ರಿ ಒಂಬತ್ತರ ಹೊತ್ತಿಗೆ ಮನೆಗೆ ಇನ್ನು ಐವತ್ತು ಕಿಲೋಮೀಟರ್ ಇತ್ತು. ಇದ್ದಕ್ಕಿದ್ದಂತೆ ಕಾರು ರಸ್ತೆ ಅಂಚಿಗೆ ಸರಿದು ಗರಗರ ಅಂತ ಸದ್ದಾಯಿತು. ನಾನು ಕಿರುಚಿದೆ. ನಮ್ಮವರು ತಕ್ಷಣ ಸರಿ ಮಾಡಿಕೊಂಡರು. ಏನೂ ಆಗಲಿಲ್ಲ. ಆದರೆ "ನಿದ್ದೆ ಬಂದಿರಲಿಲ್ಲ, ಏನೋ ಯೋಚನೆ ಮಾಡ್ತಿದ್ದೆ" ಅಂತಾರೆ. ಕಣ್ಣು ತೆರೆದೇ ಇತ್ತಂತೆ. ಅದು ನಿದ್ದೆಯೋ ಅಲ್ಲವೋ, ನೀವೇ ಹೇಳಿ ಅಣ್ಣ.

ಉತ್ತರ: ನಿದ್ದೆಯೇ ತಂಗಿ. ನಿಮ್ಮ ಯಜಮಾನರು ಸುಳ್ಳು ಹೇಳುತ್ತಿಲ್ಲ, ಅವರಿಗೆ ಗೊತ್ತಾಗಿಲ್ಲ ಅಷ್ಟೇ. ಇದಕ್ಕೆ ಮೈಕ್ರೋಸ್ಲೀಪ್ ಅನ್ನುತ್ತಾರೆ. ಒಂದೆರಡು ಸೆಕೆಂಡಿನಿಂದ ಹತ್ತು ಹದಿನೈದು ಸೆಕೆಂಡಿನವರೆಗೆ ಮಿದುಳು ಜೊಂಪಿಗೆ ಜಾರುತ್ತದೆ. ಕೆಲವು ಸಲ ಕಣ್ಣು ತೆರೆದೇ ಇರುತ್ತದೆ. ಕೈ ಸ್ಟೇರಿಂಗ್ ಮೇಲೆ, ಕಾಲು ಆಕ್ಸಿಲರೇಟರ್ ಮೇಲೆ. ನೋಡುವವನು ಮಾತ್ರ ಇರುವುದಿಲ್ಲ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. ನಾಲ್ಕು ಸೆಕೆಂಡು ಜೊಂಪು ಹತ್ತಿದರೆ 110 ಮೀಟರ್. ಅಷ್ಟು ದೂರ ಗಾಡಿ ಓಡಿಸಿದವರು ಯಾರೂ ಇಲ್ಲ.

ನನಗೂ ಆಗಿದೆ. ಕೆಲಸಕ್ಕೆ ಸೇರಿ ಆರನೇ ವರ್ಷ. ವಾಪಸ್ ಟ್ರಿಪ್ಪು, ಸಂಜೆ ಕಳೆದು ಕತ್ತಲಾಗಿತ್ತು. ಪಕ್ಕದಲ್ಲಿ ಕ್ಲೀನರ್ ಹುಡುಗ ಕೂತಿದ್ದ. "ಅಣ್ಣಾ" ಅಂದ. "ಏನೋ?" ಅಂದೆ. "ಮೂರು ಸಲ ಕರೆದೆ ಅಣ್ಣಾ" ಅಂದ. ನನಗೆ ಕೇಳಿಸಿದ್ದು ಒಂದೇ ಸಲ. ಮೊದಲಿನ ಎರಡು "ಅಣ್ಣಾ" ಎಲ್ಲಿ ಹೋದವು? ಬಸ್ಸು ಲೈನ್ ಬಿಟ್ಟಿರಲಿಲ್ಲ. ಎದುರಿನಿಂದ ಗಾಡಿ ಬಂದಿರಲಿಲ್ಲ. ಬಸ್ ಸೈಡಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಕೆಳಗಿಳಿದು ಮುಂದಿನ ಚಕ್ರದ ಪಕ್ಕ ನಿಂತೆ. ಕಾಲು ನಡುಗುತ್ತಿತ್ತು. ಒಳಗೆ ನಲವತ್ತು ಜನ ನನ್ನನ್ನು ನಂಬಿ ಮಲಗಿದ್ದರು. ಆ ಹುಡುಗನ ಸ್ವರ ಇವತ್ತಿಗೂ ಕಿವಿಯಲ್ಲಿದೆ.

ನಿಮ್ಮ ಪತ್ರದಲ್ಲೇ ಕಾರಣವೂ ಇದೆ. ನಾಲ್ಕಕ್ಕೆ ಎದ್ದಿರಿ, ಒಂಬತ್ತಕ್ಕೆ ಹೀಗಾಯಿತು. ಲೆಕ್ಕ ಹಾಕಿ, ಹದಿನೇಳು ಗಂಟೆ. ಆಸ್ಟ್ರೇಲಿಯಾದ ಡ್ರೂ ಡಾಸನ್ ಮತ್ತು ಕ್ಯಾಥ್ರಿನ್ ರೀಡ್ ಎಂಬ ಸಂಶೋಧಕರು 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದರ ಬಗ್ಗೆಯೇ ಬರೆದಿದ್ದರು. ಸತತ 17 ಗಂಟೆ ಎಚ್ಚರ ಇದ್ದವರ ಕೈ, ಕಣ್ಣಿನ ಚುರುಕು ರಕ್ತದಲ್ಲಿ ಶೇ. 0.05 ಮದ್ಯ ಇರುವವರಷ್ಟಕ್ಕೆ ಇಳಿಯುತ್ತದೆ. 24 ಗಂಟೆ ನಿದ್ದೆ ಬಿಟ್ಟರೆ ಅದು ಶೇ. 0.10ಕ್ಕೆ ಸಮ. ಎಷ್ಟೋ ದೇಶಗಳಲ್ಲಿ 0.05 ದಾಟಿದವರು ಗಾಡಿ ಮುಟ್ಟುವಂತೆಯೇ ಇಲ್ಲ. ನಿಮ್ಮವರು ಒಂದು ಹನಿ ಕುಡಿದಿರಲಿಕ್ಕಿಲ್ಲ. ಆದರೂ ಆ ಹೊತ್ತಿಗೆ ಅವರು ಕುಡಿದವರ ಹಾಗೇ ಓಡಿಸುತ್ತಿದ್ದರು. ಅದಕ್ಕೆ ಸೇರಿಸಿ, ಐದು ರಾತ್ರಿ ಬೇರೆ ಬೇರೆ ಹಾಸಿಗೆಯಲ್ಲಿ ಅರ್ಧಂಬರ್ಧ ಮಲಗಿದ ಸಾಲ ಬೇರೆ.

ಇನ್ನು ಏನು ಮಾಡಬೇಕು ಅನ್ನುವುದು. ಕಿಟಕಿ ಇಳಿಸುವುದು, ಹಾಡು ಜೋರಾಗಿ ಹಾಕುವುದು, ಕೆನ್ನೆಗೆ ಹೊಡೆದುಕೊಳ್ಳುವುದು, ಮುಖಕ್ಕೆ ನೀರು ಹಾಕಿಕೊಳ್ಳುವುದು, ಇವೆಲ್ಲ ನಾನೂ ಮಾಡಿದ್ದೇನೆ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಜಿಮ್ ಹಾರ್ನ್ ಮತ್ತು ಲೂಯಿಸ್ ರೇನರ್ ತಣ್ಣನೆ ಗಾಳಿಯನ್ನೂ ರೇಡಿಯೋವನ್ನೂ ಪರೀಕ್ಷೆ ಮಾಡಿ ನೋಡಿದ್ದಾರೆ. ಸಿಗುವುದು ಸ್ವಲ್ಪ ಹೊತ್ತಿನ ಎಚ್ಚರ ಮಾತ್ರ. ಒಳ್ಳೆಯ ಜಾಗ ಹುಡುಕಿ ನಿಲ್ಲಿಸುವಷ್ಟರ ಮಟ್ಟಿಗೆ ಅದು ಸಾಕು. ಮನೆವರೆಗೆ ಸಾಲದು.

ಅವರೇ ಕಂಡುಕೊಂಡ ಇನ್ನೊಂದು ಉಪಾಯ ನನ್ನ ಮಟ್ಟಿಗೂ ಕೆಲಸ ಮಾಡಿದೆ. ಗಾಡಿಯನ್ನು ರಸ್ತೆಯಿಂದ ಪೂರ್ತಿ ಹೊರಗೆ, ಬೆಳಕು ಮತ್ತು ಜನ ಇರುವ ಜಾಗದಲ್ಲಿ ನಿಲ್ಲಿಸಿ. ಒಂದು ದೊಡ್ಡ ಲೋಟ ಕಾಫಿ ಕುಡಿಯಿರಿ. ಕುಡಿದ ಕೂಡಲೇ ಸೀಟು ಹಿಂದಕ್ಕೆ ಮಾಡಿ ಕಣ್ಣು ಮುಚ್ಚಿ. ಹದಿನೈದು ನಿಮಿಷಕ್ಕೆ ಅಲಾರಂ. ಕಾಫಿ ಮೈಗೆ ಹತ್ತಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ನೀವು ಏಳುವ ಹೊತ್ತಿಗೆ ಅದೂ ಕೆಲಸ ಶುರು ಮಾಡಿರುತ್ತದೆ. ಅರ್ಧ ಗಂಟೆ ಮೀರಿ ಮಲಗಿದರೆ ಗಾಢ ನಿದ್ದೆಗೆ ಇಳಿದು, ಎದ್ದಾಗ ತಲೆ ಮಂಕಾಗಿರುತ್ತದೆ. ಆಗ ತಕ್ಷಣ ಸ್ಟೇರಿಂಗ್ ಹಿಡಿಯಬಾರದು. ಎದ್ದು ಐದು ನಿಮಿಷ ಗಾಡಿ ಸುತ್ತ ನಡೆದಾಡಿ. ಇಷ್ಟಾದ ಮೇಲೆ ಒಂದೆರಡು ಗಂಟೆ ಸಿಗುತ್ತದೆ. ಅದಕ್ಕಿಂತ ಜಾಸ್ತಿ ದಾರಿ ಇದ್ದರೆ ಅಲ್ಲೇ ಎಲ್ಲಾದರೂ ರೂಮ್ ಮಾಡಿ ಮಲಗಿಬಿಡಿ.

ನಿಮ್ಮವರಿಗೆ ಇದನ್ನು ಓದಿ ಹೇಳಿ. ಬೈಯಬೇಡಿ. ನನ್ನನ್ನು ಯಾರಾದರೂ ಬೈದಿದ್ದರೆ ನಾನೂ "ಯೋಚನೆ ಮಾಡ್ತಿದ್ದೆ" ಅಂತಲೇ ಹೇಳುತ್ತಿದ್ದೆನೇನೋ.

ಪ್ರಶ್ನೆ: ಕೊನೆಯ ಒಂದು ಗಂಟೆ ದಾರಿ ಅಂದರೆ ನಮಗೆ ಅಂಗೈ ಗೆರೆ ಇದ್ದ ಹಾಗೆ. ಎಲ್ಲಿ ತಿರುವು, ಎಲ್ಲಿ ಹಂಪು ಎಲ್ಲ ಗೊತ್ತು. ಅಲ್ಲಿಯೂ ನಿಲ್ಲಿಸಬೇಕಾ?

ಉತ್ತರ: ಅಲ್ಲೇ ನಿಲ್ಲಿಸಬೇಕು. ಗೊತ್ತಿಲ್ಲದ ದಾರಿಯಲ್ಲಿ ಕಣ್ಣು ತಾನಾಗಿ ಹುಡುಕುತ್ತಿರುತ್ತದೆ. ಗೊತ್ತಿರುವ ದಾರಿಯಲ್ಲಿ ಹುಡುಕುವುದನ್ನೇ ಬಿಡುತ್ತದೆ. ಮನೆಗೆ ಬಂದ ಮೇಲೆ "ಆ ದೊಡ್ಡ ತಿರುವು ಯಾವಾಗ ದಾಟಿದೆ?" ಅಂತ ನೆನಪಾಗದೆ ಇರುವುದು ನಿಮಗೂ ಆಗಿರುತ್ತದೆ.

ಇನ್ನೊಂದು ಸಂಗತಿ. 1930ರ ದಶಕದಲ್ಲಿ ಕ್ಲಾರ್ಕ್ ಹಲ್ ಎಂಬ ಅಮೆರಿಕದ ಮನೋವಿಜ್ಞಾನಿ ಇಲಿಗಳನ್ನು ಉದ್ದನೆಯ ದಾರಿಯಲ್ಲಿ ಓಡಿಸಿ ನೋಡಿದರು. ತಿನಿಸು ಹತ್ತಿರವಾದಷ್ಟೂ ಇಲಿಯ ಓಟ ಜೋರಾಗುತ್ತಿತ್ತು. ಮನುಷ್ಯರದ್ದೂ ಅದೇ ಕತೆ. ಮನೆ ಹತ್ತಿರ ಬಂತು ಅಂದ ಕೂಡಲೇ ಆಕ್ಸಿಲರೇಟರ್ ಮೇಲೆ ಬಲಗಾಲು ಭಾರ ಆಗುತ್ತದೆ. ಅದೂ ದಿನದಲ್ಲೇ ಮೈ ಜಾಸ್ತಿ ಸೋತಿರುವ ಹೊತ್ತಿನಲ್ಲಿ. ನಾನು ಮಾಡುತ್ತಿದ್ದದ್ದು ಇಷ್ಟೇ: ಮನೆಗೆ ಇನ್ನು ಒಂದು ಗಂಟೆ ದಾರಿ ಇದೆ ಅನ್ನುವಾಗ ಬೇಕಿರಲಿ ಬೇಡದಿರಲಿ ಹತ್ತು ನಿಮಿಷ ಬಸ್ ನಿಲ್ಲಿಸುತ್ತಿದ್ದೆ. "ಇಲ್ಲೇ ಇದೆಯಲ್ಲ ಡ್ರೈವರ್ರೇ, ಇನ್ನೆಂಥದ್ದು" ಅಂತ ಪ್ರತಿ ಟ್ರಿಪ್ಪಿನಲ್ಲೂ ಯಾರಾದರೂ ಗೊಣಗುತ್ತಿದ್ದರು. ಗೊಣಗಲಿ.

ಪ್ರಶ್ನೆ: ಹೋಗುವಾಗ ನಮ್ಮ ಅಪ್ಪ ಹತ್ತು ಕಡೆ ನಿಲ್ಲಿಸುತ್ತಾರೆ. ಬರುವಾಗ ಬಾತ್‌ರೂಮಿಗೂ ನಿಲ್ಲಿಸುವುದಿಲ್ಲ. ಹೇಳಿದರೆ ಸಿಟ್ಟು. ಎಷ್ಟು ಗಂಟೆಗೊಮ್ಮೆ ನಿಲ್ಲಿಸಬೇಕು ಅಂತ ಏನಾದರೂ ಲೆಕ್ಕ ಇದೆಯಾ? ಅವರಿಗೆ ಹೇಗೆ ಹೇಳುವುದು?

ಉತ್ತರ: ಇದೇ ಕೆಲಸ ಮಾಡುವವರಿಗೆ ಕಾನೂನೇ ಇದೆ. ಯುರೋಪಿಯನ್ ಒಕ್ಕೂಟದಲ್ಲಿ ಲಾರಿ, ಬಸ್ ಡ್ರೈವರ್ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ಬಿಡುವು ತೆಗೆದುಕೊಳ್ಳಲೇಬೇಕು. ದಿನಕ್ಕೆ 9 ಗಂಟೆ. ವಾರದಲ್ಲಿ ಎರಡು ದಿನ ಮಾತ್ರ 10ರವರೆಗೆ ಹೋಗಬಹುದು. ಇದು ದಿನಾ ಗಾಡಿ ಓಡಿಸಿ ಪಳಗಿದವರಿಗೆ. ವರ್ಷಕ್ಕೊಮ್ಮೆ ಉದ್ದದ ದಾರಿ ಹಿಡಿಯುವ ಅಪ್ಪನಿಗೆ ಎರಡು ಗಂಟೆಗೊಮ್ಮೆ ಹದಿನೈದು ನಿಮಿಷ ಬೇಕೇ ಬೇಕು.

ನೀವು ಒಂದು ಕೆಲಸ ಮಾಡಿ. ಹಿಂದಿನ ರಾತ್ರಿಯೇ ಅಪ್ಪನ ಜೊತೆ ಕೂತು ದಾರಿ ಲೆಕ್ಕ ಹಾಕಿ. ಮ್ಯಾಪ್ 9 ಗಂಟೆ ಅಂತ ತೋರಿಸಿದರೆ ಅದರಲ್ಲಿ ಊಟ ಇಲ್ಲ, ಪೆಟ್ರೋಲ್ ಹಾಕಿಸುವುದು ಇಲ್ಲ, ಬಾತ್‌ರೂಮ್ ಇಲ್ಲ. ಇವೆಲ್ಲ ಸೇರಿದರೆ 11 ಗಂಟೆ. ಮನೆಯಲ್ಲಿ ಇರುವವರಿಗೂ 11ರ ಲೆಕ್ಕವನ್ನೇ ಹೇಳಿ. ಎಷ್ಟೋ ಜನ ಜೋರಾಗಿ ಓಡಿಸುವುದು ಫೋನಲ್ಲಿ "ಏಳಕ್ಕೆ ಬರ್ತೀವಿ" ಅಂತ ಹೇಳಿಬಿಟ್ಟಿರುವ ಒಂದೇ ಕಾರಣಕ್ಕೆ. ಆ ಮಾತೇ ಹೇಳದಿದ್ದರೆ ತಡ ಅನ್ನುವುದೂ ಇಲ್ಲ ಅಲ್ವಾ.

ಹೇಗೆ ಹೇಳುವುದು ಅಂದಿರಿ. "ಅಪ್ಪಾ, ನಿಮಗೆ ನಿದ್ದೆ ಬರ್ತಿದೆ" ಅನ್ನಬೇಡಿ. ಯಾವ ಡ್ರೈವರೂ ಅದನ್ನು ಒಪ್ಪುವುದಿಲ್ಲ. "ನನಗೆ ಕಾಲು ಹಿಡ್ಕೊಂಡಿದೆ, ಸ್ವಲ್ಪ ಇಳೀಬೇಕು" ಅನ್ನಿ. ನಮ್ಮ ಬಸ್ಸಿನಲ್ಲಿ ಎಲ್ಲಿ ನಿಲ್ಲಿಸಬೇಕು ಅಂತ ಹೇಳುವ ಅಧಿಕಾರವನ್ನೇ ನಾನು ಕ್ಲೀನರ್ ಹುಡುಗನಿಗೆ ಕೊಟ್ಟಿದ್ದೆ, ಆ ರಾತ್ರಿ ಆದ ಮೇಲೆ. ದಣಿದವನಿಗೆ ತಾನು ದಣಿದದ್ದು ಕೊನೆಗೆ ಗೊತ್ತಾಗುವುದು. ಪಕ್ಕದಲ್ಲಿ ಕೂತವರಿಗೆ ಮೊದಲು ಕಾಣುತ್ತದೆ. ಪದೇ ಪದೇ ಆಕಳಿಕೆ, ಕತ್ತು ಉಜ್ಜಿಕೊಳ್ಳುವುದು, ವೇಗ ಒಮ್ಮೆ ಏರಿ ಒಮ್ಮೆ ಇಳಿಯುವುದು, ಮಾತಿಗೆ ತಡವಾಗಿ ಉತ್ತರ ಬರುವುದು, ಇಷ್ಟು ನೋಡುತ್ತಿರಿ. ಮುಂದಿನ ಸೀಟಿನಲ್ಲಿ ಕೂತವರು ದಯವಿಟ್ಟು ಮಲಗಬೇಡಿ.

ಪ್ರಶ್ನೆ: ಹೋಗುವ ದಾರಿಗಿಂತ ಬರುವ ದಾರಿ ಬೇಗ ಮುಗಿದ ಹಾಗೆ ಅನಿಸುತ್ತದೆ. ದೂರ ಒಂದೇ, ಹೊತ್ತೂ ಒಂದೇ. ಯಾಕೆ ಸರ್?

ಉತ್ತರ: ನಿಮಗೊಬ್ಬರಿಗೇ ಅಲ್ಲ. ನೆದರ್ಲೆಂಡ್ಸಿನ ನೀಲ್ಸ್ ವಾನ್ ಡೆ ವೆನ್ ಮತ್ತು ಜೊತೆಗಾರರು ಇದನ್ನೇ ಹಿಡಿದು ಅಧ್ಯಯನ ಮಾಡಿ 2011ರಲ್ಲಿ ಬರೆದಿದ್ದಾರೆ. ವಾಪಸ್ ದಾರಿ ಜನರಿಗೆ ಶೇ. 17ರಿಂದ 22ರಷ್ಟು ಚಿಕ್ಕದಾಗಿ ಅನಿಸುತ್ತದಂತೆ. ದಾರಿ ಪರಿಚಯ ಆಗಿರುವುದರಿಂದ ಹೀಗೆ ಅಂತ ನಾನು ಅಂದುಕೊಂಡಿದ್ದೆ. ಆದರೆ ಅಷ್ಟೇ ದೂರದ ಬೇರೆ ದಾರಿಯಲ್ಲಿ ವಾಪಸ್ ಬಂದರೂ ಹಾಗೇ ಅನಿಸಿತಂತೆ. ಅವರು ಹೇಳುವ ಕಾರಣ ನಿರೀಕ್ಷೆ. ಹೋಗುವಾಗ "ಬೇಗ ಮುಟ್ಟುತ್ತೇವೆ" ಅಂದುಕೊಂಡು ಹೊರಟಿರುತ್ತೇವೆ, ದಾರಿ ಉದ್ದ ಅನಿಸುತ್ತದೆ. ಬರುವಾಗ "ಅಬ್ಬಾ, ಅಷ್ಟು ದೂರ" ಅಂತ ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡಿರುತ್ತೇವೆ, ಚಿಕ್ಕದು ಅನಿಸುತ್ತದೆ.

ಒಂದು ಮಾತು ನನ್ನದು. ಇದೆಲ್ಲ ಹಿಂದೆ ಕೂತವರ ಅನುಭವ. ಸ್ಟೇರಿಂಗ್ ಹಿಡಿದವನಿಗೆ ದಾರಿ ಒಂದಿಂಚೂ ಕಡಿಮೆ ಆಗಿದ್ದು ನಾನು ಕಾಣೆ.

ಪ್ರಶ್ನೆ: ವಾಪಸ್ ಬರುವಾಗ ಮಧ್ಯಾಹ್ನ ಟೈರಿಗೆ ಗಾಳಿ ಚೆಕ್ ಮಾಡಿಸಿದೆ. ಜಾಸ್ತಿ ಇದೆ ಅಂತ ಹುಡುಗ ಸ್ವಲ್ಪ ಗಾಳಿ ಬಿಟ್ಟ. ಸರಿಯಾ?

ಉತ್ತರ: ತಪ್ಪು. ಗಂಟೆಗಟ್ಟಲೆ ಓಡಿದ ಟೈರು ಬಿಸಿ ಇರುತ್ತದೆ. ಒಳಗಿನ ಗಾಳಿ ಹಿಗ್ಗಿ ಒತ್ತಡ ಜಾಸ್ತಿ ತೋರಿಸುತ್ತದೆ. ಸುಮಾರು ಐದಾರು ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ ಒತ್ತಡ ಒಂದು ಪಿಎಸ್‌ಐ (ಟೈರಿನ ಗಾಳಿ ಅಳೆಯುವ ಲೆಕ್ಕ) ಏರುತ್ತದೆ. ಅದನ್ನು ನೋಡಿ ಗಾಳಿ ಬಿಟ್ಟರೆ, ಟೈರು ತಣ್ಣಗಾದ ಮೇಲೆ ಗಾಳಿ ಕಮ್ಮಿ ಆಗಿರುತ್ತದೆ. ಕಮ್ಮಿ ಗಾಳಿಯ ಟೈರು ಪಕ್ಕಕ್ಕೆ ಜಾಸ್ತಿ ಬಾಗುತ್ತದೆ, ಬಾಗಿ ಬಾಗಿ ಇನ್ನೂ ಬಿಸಿಯಾಗುತ್ತದೆ. ಟೈರು ಒಡೆಯುವುದು ಹೆಚ್ಚಾಗಿ ಹೀಗೇ. ಕೊನೆಯ ದಿನ ಬೆಳಗ್ಗೆ, ಗಾಡಿ ತೆಗೆಯುವ ಮೊದಲೇ ನೋಡಿಸಿ. ಎಷ್ಟು ಇರಬೇಕು ಅನ್ನುವುದು ಡ್ರೈವರ್ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲೋ ಪೆಟ್ರೋಲ್ ಮುಚ್ಚಳದ ಒಳಗೋ ಇರುತ್ತದೆ. ಪೂರ್ತಿ ಲೋಡಿಗೆ ಬೇರೆ ಲೆಕ್ಕ ಬರೆದಿದ್ದರೆ ಅದನ್ನೇ ಹಿಡಿಯಿರಿ. ಹೋಗುವಾಗ ಮುಚ್ಚುತ್ತಿದ್ದ ಡಿಕ್ಕಿ ಬರುವಾಗ ಮಂಡಿ ಕೊಟ್ಟು ಒತ್ತಿದರೂ ಮುಚ್ಚುವುದಿಲ್ಲ ಅಲ್ವಾ, ಅಷ್ಟು ಭಾರ ಟೈರಿನ ಮೇಲೂ ಬಿದ್ದಿರುತ್ತದೆ.

ಹಾಗೇ ಮುಂದಿನ ಗಾಜನ್ನು ಒಳಗಿನಿಂದಲೂ ಒರೆಸಿ. ಹೊರಗೆ ಎಲ್ಲರೂ ಒರೆಸುತ್ತಾರೆ. ಒಳಗೆ ನಾಲ್ಕೈದು ದಿನದ ಉಸಿರು, ಧೂಳು, ಕೈ ಗುರುತು ಸೇರಿ ತೆಳುವಾದ ಪದರ ಕಟ್ಟಿರುತ್ತದೆ. ಹಗಲು ಕಾಣುವುದಿಲ್ಲ. ಸಂಜೆ ಸೂರ್ಯ ಎದುರಿಗೆ ಬಂದಾಗ, ರಾತ್ರಿ ಎದುರು ಗಾಡಿಯ ಲೈಟ್ ಬಿದ್ದಾಗ ಇಡೀ ಗಾಜು ಬೆಳ್ಳಗಾಗಿ ಏನೂ ಕಾಣದಂತಾಗುತ್ತದೆ. ಒಂದು ಒದ್ದೆ ಬಟ್ಟೆ, ಒಂದು ಒಣ ಬಟ್ಟೆ, ಐದು ನಿಮಿಷ. ಹೆಡ್‌ಲೈಟನ್ನೂ ಒರೆಸಿ.

ಪ್ರಶ್ನೆ: ಮಗಳಿಗೆ ಏಳು ವರ್ಷ. ಹೋಗುವಾಗ ಚೆನ್ನಾಗಿರುತ್ತಾಳೆ, ಬರುವಾಗ ಮಾತ್ರ ವಾಂತಿ. ಮಾತ್ರೆ ಕೊಡಬಹುದಾ?

ಉತ್ತರ: ಹೋಗುವಾಗ ಕಿಟಕಿ ಆಚೆ ನೋಡುತ್ತಿರುತ್ತಾಳೆ, ಬರುವಾಗ ಕೈಯಲ್ಲಿ ಫೋನ್ ಇರುತ್ತದೆ. ಸರಿನಾ? ಒಳಗಿವಿ "ಚಲಿಸುತ್ತಿದ್ದೇನೆ" ಅನ್ನುತ್ತದೆ, ಫೋನ್ ನೋಡುವ ಕಣ್ಣು "ನಿಂತಿದ್ದೇನೆ" ಅನ್ನುತ್ತದೆ. ಆ ಜಗಳಕ್ಕೇ ವಾಂತಿ. ದೂರಕ್ಕೆ, ರಸ್ತೆ ಮುಂದಕ್ಕೆ ಕಾಣುವ ಹಾಗೆ ಕೂರಿಸಿ. ಹೊಟ್ಟೆ ಪೂರ್ತಿ ಖಾಲಿಯೂ ಬೇಡ, ತುಂಬಿಯೂ ಬೇಡ. ಗಾಳಿ ಆಡಲಿ. ಮಾತ್ರೆಯ ಪ್ರಮಾಣ ಮಗುವಿನ ತೂಕ ನೋಡಿ ಡಾಕ್ಟರೇ ಹೇಳಬೇಕು. ವಾಂತಿ ನಿಲ್ಲಿಸುವ ಮಾತ್ರೆಗಳಲ್ಲಿ ಹೆಚ್ಚಿನವು ನಿದ್ದೆ ಬರಿಸುತ್ತವೆ. ಶೀತಕ್ಕೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳೂ ಹಾಗೇ. ಗಾಡಿ ಓಡಿಸುವವರು ಅವನ್ನು ಮುಟ್ಟಬಾರದು.

ಪ್ರಶ್ನೆ: ಎರಡು ದಿನದ ರಜೆ ಉಳಿಸಲು ರಾತ್ರಿ ಹತ್ತಕ್ಕೆ ಹೊರಟು ಬೆಳಗ್ಗೆ ಏಳಕ್ಕೆ ಮನೆ ಸೇರಿ, ಹತ್ತಕ್ಕೆ ಆಫೀಸ್ ಹೋಗುವುದು ಅಂತ ಪ್ಲಾನ್. ರಸ್ತೆ ಖಾಲಿ ಇರುತ್ತದೆ. ನೀವೂ ರಾತ್ರಿ ಬಸ್ ಓಡಿಸಿದವರು. ಏನಂತೀರಿ?

ಉತ್ತರ: ಬೇಡ ಅಂತೀನಿ. ರಾತ್ರಿ ಎರಡರಿಂದ ಬೆಳಗ್ಗೆ ಆರರವರೆಗೆ ಮೈಯೊಳಗಿನ ಗಡಿಯಾರವೇ ಮಲಗು ಅನ್ನುತ್ತಿರುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕರ ಹೊತ್ತಿಗೂ ಒಂದು ಚಿಕ್ಕ ಮಂಪರು ಬರುತ್ತದೆ. ಊಟದಿಂದ ಅಂತ ನಾವು ಅಂದುಕೊಳ್ಳುತ್ತೇವೆ, ಊಟ ಬಿಟ್ಟರೂ ಬರುತ್ತದೆ. ಖಾಲಿ ರಸ್ತೆ ನೆರವಿಗೆ ಬರುವುದಿಲ್ಲ. ಎದುರಿಗೆ ಏನೂ ಇಲ್ಲದಿದ್ದರೆ ನಿದ್ದೆ ಇನ್ನೂ ಬೇಗ ಬರುತ್ತದೆ.

ನಾನು ರಾತ್ರಿ ಓಡಿಸುತ್ತಿದ್ದೆ, ನಿಜ. ಆದರೆ ಪ್ರವಾಸಿಗಳು ಊರು ಸುತ್ತುವಾಗ ನಾನು ಬಸ್ಸಿನ ಹಿಂದಿನ ಸೀಟಿನಲ್ಲಿ ಪರದೆ ಎಳೆದು ಮಲಗಿರುತ್ತಿದ್ದೆ. ಎಷ್ಟೋ ಊರುಗಳಿಗೆ ಇಪ್ಪತ್ತು ಸಲ ಹೋಗಿದ್ದೇನೆ, ಏನೂ ನೋಡಿಲ್ಲ. ಒಮ್ಮೆ ಒಬ್ಬ ಮಾಲೀಕರು ಹಗಲಿಡೀ ಬೇರೆ ಟ್ರಿಪ್ಪು ಮಾಡಿಸಿ ರಾತ್ರಿ ಮತ್ತೆ ಸ್ಟೇರಿಂಗ್ ಹಿಡಿ ಅಂದರು. ಆಗಲ್ಲ ಅಂದೆ. ಕೀ ಟೇಬಲ್ ಮೇಲಿಟ್ಟು ನಡೆದು ಬಂದೆ. ಮೂರು ತಿಂಗಳು ಕೆಲಸ ಇರಲಿಲ್ಲ. ಮನೆಯಲ್ಲಿ ಕಷ್ಟ ಆಯಿತು. ಅದಕ್ಕೆ ನನಗೆ ಒಂದು ದಿನವೂ ಪಶ್ಚಾತ್ತಾಪ ಆಗಿಲ್ಲ.

ನೀವು ಹಗಲೆಲ್ಲ ಸುತ್ತಾಡಿ ರಾತ್ರಿ ಹೊರಡುತ್ತೀರಿ. ಅದೂ ಆಫೀಸಿಗೆ ಹೋಗುವ ಅವಸರ ಇಟ್ಟುಕೊಂಡು. ಪ್ರವಾಸವನ್ನೇ ಒಂದು ದಿನ ಕಮ್ಮಿ ಮಾಡಿ. ಹಗಲಲ್ಲಿ ಬನ್ನಿ. ಮನೆ ಸೇರಿ ಒಂದು ರಾತ್ರಿ ಮಲಗಿ, ಆಮೇಲೆ ಆಫೀಸು.

ಪ್ರಶ್ನೆ: ಅಮ್ಮನಿಗೆ ಉದ್ದ ಪ್ರಯಾಣ ಮಾಡಿದರೆ ಕಾಲು ಊದುತ್ತದೆ. ಭಯ ಪಡಬೇಕಾ?

ಉತ್ತರ: ಎರಡೂ ಪಾದ ಸಮನಾಗಿ ಊದಿ, ರಾತ್ರಿ ಮಲಗಿ ಎದ್ದಾಗ ಇಳಿದಿದ್ದರೆ ಹೆಚ್ಚಾಗಿ ಕಾಲು ಇಳಿಬಿಟ್ಟು ಕೂತದ್ದರಿಂದಲೇ. ಒಂದೇ ಕಾಲು ಊದುವುದು, ಮೀನಖಂಡ ನೋಯುವುದು, ಕೆಂಪಾಗಿ ಬಿಸಿಯಾಗುವುದು ಕಂಡರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ರಕ್ತ ಹೆಪ್ಪುಗಟ್ಟಿರಬಹುದು. ಜೊತೆಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಒಂದು ನಿಮಿಷವೂ ಕಾಯಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿದ್ದು, ನಾಲ್ಕು ಗಂಟೆ ಮೀರಿ ಅಲ್ಲಾಡದೆ ಕೂತು ಪ್ರಯಾಣ ಮಾಡಿದರೆ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಅಂತ. ವಿಮಾನ ಮಾತ್ರ ಅಲ್ಲ, ಕಾರು, ಬಸ್ಸು, ರೈಲು ಎಲ್ಲಕ್ಕೂ. ಎರಡು ಪಟ್ಟಾದರೂ ಅದು ಚಿಕ್ಕ ಅಪಾಯವೇ, ಹೆದರಬೇಡಿ. ಪ್ರತಿ ಸಲ ನಿಲ್ಲಿಸಿದಾಗ ಅಮ್ಮನನ್ನೂ ಇಳಿಸಿ ನಾಲ್ಕು ಹೆಜ್ಜೆ ನಡೆಸಿ. ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸುತ್ತಿರಲಿ. ಬಾತ್‌ರೂಮಿಗೆ ಹೋಗಬೇಕಾಗುತ್ತದೆ ಅಂತ ನೀರು ಕುಡಿಯದೆ ಕೂರುವುದು ಬೇಡ. ನಿಲ್ಲಿಸಿ ಅಂತ ಹೇಳಲು ಹಿರಿಯರಿಗೆ ಸಂಕೋಚ. ನೀವೇ ಕೇಳಿ.

ಪ್ರಶ್ನೆ: ಆರು ದಿನ ಎಲ್ಲ ಚೆನ್ನಾಗಿತ್ತು. ವಾಪಸ್ ಬರುವಾಗ ಕಾರಿನಲ್ಲಿ ನನಗೂ ತಮ್ಮನಿಗೂ ಖರ್ಚಿನ ಲೆಕ್ಕದ ವಿಷಯಕ್ಕೆ ಜಗಳ ಆಯಿತು. ಈಗ ಪ್ರವಾಸ ಅಂದರೆ ಆ ಜಗಳವೇ ನೆನಪಿಗೆ ಬರುತ್ತದೆ. ಮನಸ್ಸಿಗೆ ತುಂಬ ಬೇಜಾರು.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಡೇನಿಯಲ್ ಕಾನಮನ್ ಎಂಬ ಮನೋವಿಜ್ಞಾನಿ ಮತ್ತು ಜೊತೆಗಾರರು 1993ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಜನರ ಕೈಯನ್ನು 14 ಡಿಗ್ರಿ ತಣ್ಣನೆ ನೀರಿನಲ್ಲಿ ಒಂದು ನಿಮಿಷ ಇಡಿಸಿದರು. ಇನ್ನೊಂದು ಸಲ ಅದೇ ಒಂದು ನಿಮಿಷ, ಅದರ ಮೇಲೆ ಇನ್ನೂ ಅರ್ಧ ನಿಮಿಷ. ಆ ಅರ್ಧ ನಿಮಿಷದಲ್ಲಿ ನೀರು ನಿಧಾನವಾಗಿ 15 ಡಿಗ್ರಿಗೆ ಬಂತು. ಮತ್ತೆ ಮಾಡುವುದಾದರೆ ಯಾವುದು ಅಂತ ಕೇಳಿದಾಗ ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು. ಚಳಿ ಜಾಸ್ತಿ ಹೊತ್ತು ತಿಂದರೂ ಕೊನೆ ಸ್ವಲ್ಪ ಹಿತವಾಗಿತ್ತಲ್ಲ, ನೆನಪಿನಲ್ಲಿ ಅದೇ ಉಳಿಯಿತು. ನಿಮಗೆ ಆದದ್ದು ಇದರ ಉಲ್ಟಾ. ಆರು ದಿನದ ಮೇಲೆ ಕೊನೆಯ ಅರ್ಧ ಗಂಟೆ ಬಂದು ಕೂತುಬಿಟ್ಟಿದೆ.

ವಾಪಸ್ ದಾರಿಯಲ್ಲಿ ಎಲ್ಲರೂ ದಣಿದಿರುತ್ತಾರೆ. ರಜೆ ಮುಗಿಯಿತಲ್ಲ ಅನ್ನುವ ಒಂದು ಸಣ್ಣ ದುಃಖ ಎಲ್ಲರೊಳಗೂ ಇರುತ್ತದೆ, ಯಾರೂ ಹೇಳಿಕೊಳ್ಳುವುದಿಲ್ಲ. ಅದು ಸಿಟ್ಟಾಗಿ ಹೊರಗೆ ಬರುತ್ತದೆ. ಹಿಂದಿನ ಸೀಟಿನ ಎಷ್ಟೋ ಜಗಳ ನಾನು ಕೇಳಿದ್ದೇನೆ. ಕಿಟಕಿ ಪಕ್ಕದ ಸೀಟಿಗೆ, ಚಾರ್ಜರಿಗೆ, ಫೋಟೋದಲ್ಲಿ ಯಾರು ಇಲ್ಲ ಅನ್ನುವುದಕ್ಕೆ. ನಡುವಯಸ್ಸಿನ ಅಕ್ಕ ತಂಗಿ ಇಬ್ಬರು ಮೂರು ಗಂಟೆ ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ನನ್ನ ಕೊನೆಯ ಹತ್ತು ನಿಮಿಷದ ನಿಲುಗಡೆಯಲ್ಲಿ ಕೆಳಗಿಳಿದರು. ತಂಗಿಯ ಚಪ್ಪಲಿಯೊಳಗೆ ಒಂದು ಸಣ್ಣ ಕಲ್ಲು ಸಿಕ್ಕಿಕೊಂಡಿತ್ತು. ಒಂಟಿ ಕಾಲಲ್ಲಿ ನಿಲ್ಲಲು ಅಕ್ಕನ ಭುಜ ಹಿಡಿದಳು. ಅಕ್ಕ ಸುಮ್ನೆ ಭುಜ ಕೊಟ್ಟು ನಿಂತಳು. ಮತ್ತೆ ಬಸ್ ಹತ್ತುವಾಗ ಮಾತಾಡುತ್ತಿದ್ದರು.

ಖರ್ಚಿನ ಲೆಕ್ಕ ಕಾರಿನಲ್ಲಿ ಬೇಡ. ಮನೆಗೆ ಬಂದು ಎರಡು ರಾತ್ರಿ ಮಲಗಿ ಎದ್ದ ಮೇಲೆ ಮಾಡಿ. ಆಫೀಸು, ಪರೀಕ್ಷೆ, ಸಾಲದ ಕಂತು, ಇವನ್ನೂ ಗಾಡಿಯಲ್ಲಿ ತೆಗೆಯಬೇಡಿ. ಜಗಳ ಓಡಿಸುವವರ ಗಮನವನ್ನೂ ಕೆಡಿಸುತ್ತದೆ. ಆದ ಜಗಳಕ್ಕೆ, ಇವತ್ತೇ ತಮ್ಮನಿಗೆ ಫೋನ್ ಮಾಡಿ. ಲೆಕ್ಕದ ಮಾತು ಎತ್ತದೆ ಪ್ರವಾಸದ ಒಂದು ಒಳ್ಳೆಯ ಫೋಟೋ ಕಳಿಸಿ, "ಈ ದಿನ ಎಷ್ಟು ಚೆನ್ನಾಗಿತ್ತಲ್ವಾ" ಅಂತ ಕೇಳಿ.

ಪ್ರಶ್ನೆ: ನನಗೆ ಇಪ್ಪತ್ತೆರಡು ವರ್ಷ. ಲೈಸೆನ್ಸ್ ಬಂದು ಎರಡು ವರ್ಷ. ಪ್ರವಾಸದ ಮಧ್ಯೆ ಅಪ್ಪನ ಕೈಗೆ ಪೆಟ್ಟಾಗಿದೆ. ನಾನೇ ಎಂಟು ಗಂಟೆ ದಾರಿ ಗಾಡಿ ಓಡಿಸಿಕೊಂಡು ಎಲ್ಲರನ್ನೂ ಮನೆಗೆ ಕರೆದುಕೊಂಡು ಹೋಗಬೇಕು. ಇನ್ನು ಹದಿನೈದು ದಿನ ಇಲ್ಲೇ ಇರುತ್ತೇವೆ. ಹೊರಗೆ ಧೈರ್ಯ ತೋರಿಸುತ್ತಿದ್ದೇನೆ, ಒಳಗೆ ಭಯ. ಏನು ಮಾಡಲಿ ಅಂಕಲ್?

ಉತ್ತರ: ಮಗಳೇ, ನಿಮ್ಮ ಪತ್ರ ಬಂದ ದಿನವೇ ಚಿಕ್ಕದಾಗಿ ಉತ್ತರ ಬರೆದು ಕಳಿಸಿದ್ದೆ. ನಿಮ್ಮಂಥ ಬೇರೆಯವರಿಗೂ ಆಗಲಿ ಅಂತ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಭಯ ಇರುವುದು ಒಳ್ಳೆಯದೇ. ಭಯ ಇರುವವರು ಅಂತರ ಬಿಟ್ಟು ಓಡಿಸುತ್ತಾರೆ. ಮುಂದಿನ ಗಾಡಿ ಒಂದು ಕಂಬ ದಾಟಿದ ಮೇಲೆ "ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು" ಅಂತ ಎಣಿಸಿ. ಆಮೇಲೆ ನೀವು ಆ ಕಂಬಕ್ಕೆ ಬರಬೇಕು. ಮಳೆ ಇದ್ದರೆ ಇನ್ನೂ ಎರಡು ಎಣಿಸಿ.

ಹಿಂದಿನ ರಾತ್ರಿ ಬ್ಯಾಗ್ ಕಟ್ಟುವ ಕೆಲಸ ನಿಮಗೆ ಬೇಡ. ಬೇರೆ ಯಾರಾದರೂ ಮಾಡಲಿ. ನೀವು ಒಂಬತ್ತೂವರೆಗೆ ಮಲಗಿ, ಬೆಳಕಾದ ಮೇಲೆ ಹೊರಡಿ. ಎಂಟು ಗಂಟೆ ಅಂತ ಯೋಚಿಸಬೇಡಿ. ಎರಡೆರಡು ಗಂಟೆಯ ನಾಲ್ಕು ತುಂಡು ಮಾಡಿ. ಒಂದು ತುಂಡು ಓಡಿಸುವಾಗ ಅದರ ನಿಲುಗಡೆ ಮಾತ್ರ ತಲೆಯಲ್ಲಿರಲಿ. ಫೋನ್ ಹಿಂದಿನ ಸೀಟಿನವರ ಕೈಗೆ ಕೊಡಿ, ದಾರಿಯನ್ನು ಅವರೇ ಓದಿ ಹೇಳಲಿ. ಸೀಟಿನ ಮೇಲೆ, ಹಿಂದಿನ ಗಾಜಿನ ಹತ್ತಿರ ಬಿಡಿ ಸಾಮಾನು ಇಡಬೇಡಿ. ಜೋರಾಗಿ ಬ್ರೇಕ್ ಹಾಕಿದರೆ ಒಂದು ನೀರಿನ ಬಾಟಲಿಯೂ ಕಲ್ಲಿನಂತೆ ಬರುತ್ತದೆ. ಹಿಂದೆ ಕೂತವರೂ ಬೆಲ್ಟ್ ಹಾಕಲಿ. ಯಾರಾದರೂ ಹಿಂದಿನಿಂದ ಹಾರ್ನ್ ಹೊಡೆದರೆ ದಾರಿ ಬಿಡಿ. ಅವರಿಗೆ ಏನು ಅವಸರವೋ ನಮಗೆ ಬೇಡ.

ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಓಡಿಸುವುದು ಹೇಗೆ ಅಂತ ಹೇಳಿಕೊಡುವುದು ಬೇಡ, ನಿಮ್ಮ ಮುಖ ನೋಡುತ್ತಿರಲಿ ಸಾಕು. ಈ ಮಾತನ್ನು ನಾನೇ ಹೇಳಿದೆ ಅಂತ ಅವರಿಗೆ ತೋರಿಸಿ. ಆಗಲ್ಲ ಅನಿಸಿದರೆ ಎಲ್ಲಿ ಬೇಕಾದರೂ ನಿಲ್ಲಿಸಿ, ರೂಮ್ ಮಾಡಿ, ಮರುದಿನ ಹೊರಡುವ ಹಕ್ಕು ನಿಮ್ಮದು. ಇದನ್ನು ಮನೆಯವರ ಹತ್ತಿರ ಹೊರಡುವ ಮೊದಲೇ ಒಪ್ಪಿಸಿಕೊಳ್ಳಿ.

ಮನೆ ಮುಂದೆ ಬಂದು ನಿಲ್ಲಿಸಿದ ಮೇಲೆ ತಕ್ಷಣ ಬಾಗಿಲು ತೆಗೆದು ಓಡಬೇಡಿ. ಎಂಜಿನ್ ಆಫ್ ಮಾಡಿ ಅರ್ಧ ನಿಮಿಷ ಕೂತುಕೊಳ್ಳಿ. ಕಿವಿಯಲ್ಲಿ ಇನ್ನೂ ರಸ್ತೆಯ ಗುಂಯ್ ಇರುತ್ತದೆ. ಬಾನೆಟ್ ಒಳಗಿಂದ ಟಿಕ್ ಟಿಕ್ ಅಂತ ಸಣ್ಣ ಸದ್ದು ಬರುತ್ತದೆ, ಕಾದ ಲೋಹ ತಣ್ಣಗಾಗುವ ಸದ್ದು ಅದು. 27 ವರ್ಷ ಪ್ರತಿ ಟ್ರಿಪ್ಪಿನ ಕೊನೆಗೆ ಆ ಸದ್ದು ಕೇಳಿಸಿಕೊಂಡೇ ನಾನು ಸೀಟಿನಿಂದ ಏಳುತ್ತಿದ್ದದ್ದು. ಆಮೇಲೆ ಹಿಂದೆ ತಿರುಗಿ ನೋಡಿ. ಮಲಗಿದವರನ್ನೆಲ್ಲ ಒಬ್ಬೊಬ್ಬರಾಗಿ ಎಬ್ಬಿಸಿ. ಕೀ ಅಪ್ಪನ ಕೈಗೆ ಕೊಡಿ.

ಮುಟ್ಟಿದ ಮೇಲೆ ನನಗೂ ಒಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.